ಜಂಕ್ಷನ್ ಬಾಕ್ಸಿನಲ್ಲಿ ಲೈನ್ ಬಿಡಿಸಿದ ಹಾಗೆ

ಮೊದಲು ಕೈಯಿಂದ ಜಾರಿದ್ದು ಸ್ಕ್ರೂಡ್ರೈವರ್. ವಿದ್ಯಾನಗರದಲ್ಲಿ ಒಂದು ಹೊಸ ಮನೆ, ಎರಡು ದಿನಕ್ಕೆ ಗೃಹಪ್ರವೇಶ, ನಾನು ಡಿಬಿ, ಅಂದರೆ ಮನೆಗೆ ಕರೆಂಟು ಹಂಚುವ ಪೆಟ್ಟಿಗೆ ಮುಂದೆ ನಿಂತು ಎಂಸಿಬಿ ಸ್ವಿಚ್ಚುಗಳ ಸ್ಕ್ರೂ ಬಿಗಿ ಮಾಡುತ್ತಿದ್ದೆ. ಬೆಳಿಗ್ಗೆ ಎಂಟು ಗಂಟೆ ಇರಬಹುದು. ಸ್ಕ್ರೂ ಮೇಲೆ ಡ್ರೈವರ್ ಇಟ್ಟೆ, ತಿರುಗಿಸಲು ಹೋದೆ, ಬೆರಳು ಮಡಚಲೇ ಇಲ್ಲ. ನೋವು ಅನ್ನುವುದಕ್ಕಿಂತ ಬಿಗಿ. ಬೆರಳುಗಳ ಒಳಗೆ ಯಾರೋ ಸಿಮೆಂಟ್ ತುಂಬಿ ರಾತ್ರಿಯೆಲ್ಲ ಕ್ಯೂರಿಂಗ್ ಮಾಡಿದ ಹಾಗೆ. ಕೆಳಗಿದ್ದ ಹುಡುಗ "ಏನಾತಣ್ಣ?" ಅಂದ. "ಏನಿಲ್ಲ, ನೀನ್ ಬಿಗಿ ಮಾಡು" ಅಂದೆ. ಹನ್ನೊಂದರ ಹೊತ್ತಿಗೆ ಕೈ ತಾನಾಗಿಯೇ ಸಡಿಲವಾಯಿತು. ಅಲ್ಲಿಗೆ ಮರೆತೆ.

ಆ ದಿನದಿಂದ ಸರಿಯಾದ ಮಾತ್ರೆ ನನ್ನ ಬಾಯಿಗೆ ಬೀಳಲು ಹದಿನಾಲ್ಕು ತಿಂಗಳು ಹಿಡಿಯಿತು.

ನನಗೆ ಆಗ ನಲವತ್ತಮೂರು. ಇಪ್ಪತ್ತೆರಡು ವರ್ಷದಿಂದ ದಾವಣಗೆರೆಯಲ್ಲಿ ಮನೆ ವೈರಿಂಗ್ ಮಾಡುತ್ತಿದ್ದೇನೆ. ಗೋಡೆ ಕಟಿಂಗ್‌ನಿಂದ ಹಿಡಿದು ಫ್ಯಾನ್ ನೇತುಹಾಕುವವರೆಗೆ ಎಲ್ಲ ಕೈಕೆಲಸವೇ. ಕೈ ಹಿಡಿದುಕೊಂಡಿದ್ದು ಕೆಲಸದಿಂದಲೇ ಇರಬೇಕು ಅಂದುಕೊಂಡೆ. ಮೆಡಿಕಲ್ ಶಾಪಿನ ನೋವಿನ ಮಾತ್ರೆ ನುಂಗಿದೆ. ಒಬ್ಬ ಡಾಕ್ಟರು ಚಿಕೂನ್‌ಗುನ್ಯ ಬಂದು ಹೋಗಿರಬೇಕು, ಆ ನೋವು ತಿಂಗಳುಗಟ್ಟಲೆ ಇರುತ್ತೆ ಅಂದರು. ಅದು ಸುಳ್ಳೇನಲ್ಲ, ಆ ನೋವು ಹಾಗೆಯೇ ಎಳೆಯುತ್ತದೆ, ಆದರೆ ನನಗೆ ಜ್ವರವೇ ಬಂದಿರಲಿಲ್ಲ. ಇನ್ನೊಬ್ಬರು ಯೂರಿಕ್ ಆ್ಯಸಿಡ್ ಅಂತ ಬೇಳೆಕಾಳು ಬಿಡಿಸಿದರು. ಮೂರು ತಿಂಗಳು ಬೇಳೆ ಇಲ್ಲದ ಸಾರು ಉಂಡೆ, ಸುಮ್ನೆ.

ಅದಾದ ಮೇಲೆ ಒಂದು ಪುಡಿ. ಯಾವ ಊರು, ಯಾರು ಕೊಟ್ಟರು ಅಂತ ಹೇಳುವುದಿಲ್ಲ. ನೂರಾರು ಜನ ಸಾಲು ನಿಂತಿದ್ದರು, ನಾನೂ ನಿಂತೆ. ಹತ್ತು ದಿನ ಕುದುರೆ ಹಾಗೆ ಓಡಾಡಿದೆ, ಮೂರು ಮನೆ ವೈರಿಂಗ್ ಒಪ್ಪಿಕೊಂಡೆ. ಪುಡಿ ಮುಗಿದ ಮೂರನೇ ದಿನ ಹಾಸಿಗೆಯಿಂದ ಏಳಲು ಹೆಂಡತಿ ಕೈ ಕೊಡಬೇಕಾಯಿತು. ಇದರ ಕಥೆ ಕೇಳಿದ ಮೇಲೆ ಮೇಡಂ (ಅವರ ವಿಷಯ ಮುಂದೆ ಬರುತ್ತದೆ) "ಅದರಲ್ಲಿ ಸ್ಟೀರಾಯ್ಡ್ ಇದ್ದಿರಬಹುದು" ಅಂದರು. ಸ್ಟೀರಾಯ್ಡ್ ಆದರೆ ಹಾಗೆಯೇ ಅಂತೆ, ತಿಂದಷ್ಟು ದಿನ ಸ್ವರ್ಗ.

ಅಷ್ಟರಲ್ಲಿ ಎರಡೂ ಕೈ, ಎರಡೂ ಮುಂಗೈ, ಎರಡೂ ಪಾದ ಹಿಡಿದಿತ್ತು. ಅಂಗಿ ಗುಂಡಿ ಹೆಂಡತಿ ಹಾಕುತ್ತಿದ್ದಳು. ಬೈಕಿನ ಕ್ಲಚ್ ಹಿಡಿಯಲಾಗದೆ ಅವಳ ಸ್ಕೂಟಿ ತಗೊಂಡು ಕೆಲಸಕ್ಕೆ ಹೋಗುತ್ತಿದ್ದೆ, ಮಂಡಿಪೇಟೆಯ ಅಂಗಡಿ ಹುಡುಗರು ನಗುತ್ತಿದ್ದರು. ಖಡಕ್ ರೊಟ್ಟಿ ಮುರಿಯಲು ಆಗುತ್ತಿರಲಿಲ್ಲ. ಅವ್ವ ತಾನೇ ಮುರಿದು, ಪಲ್ಯದಲ್ಲಿ ನೆನೆಸಿ ಇಡುತ್ತಿದ್ದಳು. ನಲವತ್ತು ದಾಟಿದ ಮಗನಿಗೆ ಎಪ್ಪತ್ತರ ಅವ್ವ. ಆ ತಟ್ಟೆ ನೋಡಿದರೇ ಹೊಟ್ಟೆ ಕಿವುಚುತ್ತಿತ್ತು.

ದಾರಿ ತೋರಿಸಿದ್ದು ಒಬ್ಬ ಡಾಕ್ಟರಲ್ಲ. ಕೆಟಿಜೆ ನಗರದಲ್ಲಿ ಒಂದು ಮನೆಗೆ ಇನ್ವರ್ಟರ್ ಲೈನ್ ಎಳೆಯಲು ಹೋಗಿದ್ದೆ. ಆ ಮನೆಯ ಅಕ್ಕ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವರು. ಪೈಪಿನೊಳಗೆ ಸ್ಪ್ರಿಂಗ್ ಹಾಕಿ ವೈರ್ ಎಳೆಯುವಾಗ ನಾನು ಬೆರಳು ಬಿಟ್ಟು ಮುಂಗೈಗೆ ವೈರ್ ಸುತ್ತಿಕೊಂಡು ಎಳೆಯುತ್ತಿದ್ದೆ. ಅವರು ಸ್ವಲ್ಪ ಹೊತ್ತು ನೋಡಿದರು.

"ಬೆಳಿಗ್ಗೆ ಎದ್ದಾಗ ಕೈ ಎಷ್ಟೊತ್ತು ಬಿಗಿ ಇರ್ತೈತಿ?"

"ಎರಡು ತಾಸು ಅಕ್ಕಾ. ಒಮ್ಮೊಮ್ಮೆ ಮೂರು."

"ಎರಡೂ ಕೈಗೂ?"

"ಹೂಂ."

"ಬೆರಳಿನ ತುದಿ ಗೆಣ್ಣು ಬಿಟ್ಟು ಉಳಿದವೆಲ್ಲ ಊದ್ಯಾವು ನೋಡು. ನಾಳೆ ಲ್ಯಾಬಿಗೆ ಬಾ, ರಕ್ತ ಕೊಡು. ತಡ ಮಾಡಬ್ಯಾಡ."

ಹದಿನಾಲ್ಕು ತಿಂಗಳಲ್ಲಿ ಬೆಳಿಗ್ಗೆ ಎಷ್ಟು ಹೊತ್ತು ಬಿಗಿ ಇರುತ್ತದೆ ಅಂತ ನನ್ನನ್ನು ಯಾರೂ ಕೇಳಿರಲಿಲ್ಲ. ಕೆಲಸ ಜಾಸ್ತಿ ಮಾಡಿ ಬಂದ ನೋವು ಸಂಜೆಗೆ ಏರುತ್ತದೆ, ಮಲಗೆದ್ದರೆ ಇಳಿಯುತ್ತದೆ. ಇದು ಉಲ್ಟಾ. ಮಲಗಿದಷ್ಟೂ ಬಿಗಿ, ಓಡಾಡಿದಷ್ಟೂ ಸಡಿಲ. ಈ ಒಂದು ವ್ಯತ್ಯಾಸ ಗೊತ್ತಿದ್ದರೆ ನಾನು ಒಂದು ವರ್ಷ ಮೊದಲೇ ಸರಿಯಾದ ಬಾಗಿಲು ತಟ್ಟುತ್ತಿದ್ದೆ.

ರಿಪೋರ್ಟು ಬಂತು. ಮೈಯೊಳಗಿನ ಉರಿಯೂತ ತೋರಿಸುವ ಎರಡೂ ನಂಬರು ಏರಿದ್ದವು, ಇಎಸ್‌ಆರ್ 84, ಸಿಆರ್‌ಪಿ 46. ರುಮಟಾಯ್ಡ್ ಫ್ಯಾಕ್ಟರ್ ಪಾಸಿಟಿವ್. ಆ್ಯಂಟಿ-ಸಿಸಿಪಿ ಅಂತೂ ಮಷೀನು ಅಳೆಯುವ ಮಿತಿಯನ್ನೇ ದಾಟಿತ್ತು. ಈ ಎರಡೂ ಸೇರಿ ತೋರಿಸಿದ್ದು ಒಂದೇ ಹೆಸರು, ರುಮಟಾಯ್ಡ್ ಸಂಧಿವಾತ. ಇದು ಹೆಂಗಸರಿಗೆ ಗಂಡಸರಿಗಿಂತ ಎರಡು ಮೂರು ಪಟ್ಟು ಜಾಸ್ತಿ ಬರುತ್ತದಂತೆ. ಗಂಡಸು, ಅದರಲ್ಲೂ ಸುತ್ತಿಗೆ ಹಿಡಿಯುವ ಗಂಡಸು ಕೈನೋವು ಅಂತ ಬಂದರೆ ಯಾರಿಗೂ ಇದು ಮೊದಲು ನೆನಪಾಗುವುದಿಲ್ಲ.

ಇಂಥ ಸಂಧಿವಾತವನ್ನೇ ನೋಡುವ ರುಮಟಾಲಜಿಸ್ಟ್ ಅಂತ ಒಂದು ಜಾತಿಯ ಡಾಕ್ಟರು ಇರುತ್ತಾರೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ನಮ್ಮೂರೇನು ಆಸ್ಪತ್ರೆಗೆ ಬರ ಇರುವ ಊರಲ್ಲ. 1965ರಿಂದ ಜೆಜೆಎಂ ಮೆಡಿಕಲ್ ಕಾಲೇಜು ಇದೆ, ಸುತ್ತಲಿನ ನಾಲ್ಕೈದು ಜಿಲ್ಲೆಯವರು ಇಲ್ಲಿಗೇ ಬರುತ್ತಾರೆ. ನಾನೇ ಬರೀ ಮೂಳೆ ಡಾಕ್ಟರ ಹತ್ತಿರ ಸುತ್ತುತ್ತಿದ್ದೆ. ಇದು ಮೂಳೆಯಿಂದ ಶುರುವಾಗುವ ಕಾಯಿಲೆಯೇ ಅಲ್ಲ.

ಕೊನೆಗೆ ಸಿಕ್ಕ ರುಮಟಾಲಜಿಸ್ಟೇ ನಾನು ಹೇಳಿದ ಮೇಡಂ. ಮೊದಲ ದಿನ ನನ್ನ 28 ಕೀಲುಗಳನ್ನು ಒಂದೊಂದಾಗಿ ಒತ್ತಿ ನೋಡಿದರು. ಭುಜ, ಮೊಣಕೈ, ಮಣಿಕಟ್ಟು, ಎರಡೂ ಕೈಯ ಬೆರಳ ಬುಡ, ಬೆರಳ ನಡು, ಮೊಣಕಾಲು. ಎಷ್ಟು ನೋಯುತ್ತವೆ, ಎಷ್ಟು ಊದಿವೆ ಅಂತ ಬರೆದುಕೊಂಡರು. ಆಮೇಲೆ ಸೊನ್ನೆಯಿಂದ ನೂರರ ಒಂದು ಗೆರೆ ತೋರಿಸಿ, "ಈ ವಾರ ಹೇಗಿದ್ದೀರಿ, ಇದರ ಮೇಲೆ ಗುರುತು ಮಾಡಿ" ಅಂದರು. ಇದನ್ನೂ ರಕ್ತದ ನಂಬರನ್ನೂ ಸೇರಿಸಿ ಕಾಯಿಲೆ ಎಷ್ಟು ಜೋರಿದೆ ಅನ್ನುವ ಒಂದು ಲೆಕ್ಕ ಬರುತ್ತದೆ. ಆ 28ರಲ್ಲಿ ಪಾದದ ಕೀಲು ಒಂದೂ ಇಲ್ಲ! ನನಗೆ ಏಣಿ ಹತ್ತಿದರೆ ಪಾದದ ಬೆರಳ ಬುಡವೇ ಪ್ರಾಣ ಹಿಂಡುತ್ತಿತ್ತು. ಕೇಳಿದೆ. ಲೆಕ್ಕಕ್ಕಿಲ್ಲದಿದ್ದರೂ ನಾನು ನೋಡುತ್ತೇನೆ ಅಂತ ಚಪ್ಪಲಿ ಬಿಡಿಸಿ ನೋಡಿದರು. ಆವತ್ತೇ ಅವರ ಮೇಲೆ ನಂಬಿಕೆ ಬಂತು.

ಎಕ್ಸ್‌ರೇಯಲ್ಲಿ ಬಲಗೈ ನಡುಬೆರಳ ಗೆಣ್ಣಿನ ಅಂಚು ಗೆದ್ದಲು ತಿಂದ ಬಾಗಿಲ ಚೌಕಟ್ಟಿನ ಹಾಗೆ ಕಂಡಿತು. "ಇದು ವಾಪಸ್ ತುಂಬಲ್ಲ. ಉಳಿದವನ್ನ ಕಾಪಾಡೋಣ" ಅಂದರು. ಹದಿನಾಲ್ಕು ತಿಂಗಳಿಗೆ ನಾನು ಕೊಟ್ಟ ಬೆಲೆ ಅದು.

ಕಾಯಿಲೆ ಏನು ಅಂತ ಅವರು ವಿವರಿಸಿದರು. ನಾನು ಅದನ್ನು ನನ್ನ ಕಸುಬಿನ ಭಾಷೆಗೆ ತಿರುಗಿಸಿಕೊಂಡೆ. ಕೀಲಿನ ಒಳಗೆ ಒಂದು ತೆಳು ಪೊರೆ ಇದೆ. ರೋಗ ತಡೆಯುವ ಜೀವಕೋಶಗಳು ಏನೋ ತಪ್ಪು ತಿಳಿದು ಅಲ್ಲಿ ಬಂದು ಸೇರುತ್ತವೆ. ಅವು ಒಂದಕ್ಕೊಂದು ಮಾತಾಡುವುದು ಸೈಟೊಕೈನ್ ಅನ್ನುವ ಸಣ್ಣ ಪ್ರೋಟೀನುಗಳ ಮೂಲಕ. ಟಿಎನ್‌ಎಫ್ ಅಂತ ಒಂದು, ಐಎಲ್-6 ಅಂತ ಇನ್ನೊಂದು, ಹೀಗೆ ಹಲವು. ಒಂದು ಕೋಶ ಕರೆಯುತ್ತದೆ, ಕರೆ ಕೇಳಿದ ಕೋಶ ತಾನೂ ಕರೆಯಲು ಶುರು ಮಾಡುತ್ತದೆ. ಕಾಲಿಂಗ್ ಬೆಲ್ ಬಾರಿಸಿದರೆ ಆ ಸದ್ದಿಗೇ ಪಕ್ಕದ ಮನೆಯ ಬೆಲ್ ಹೊಡೆದುಕೊಂಡು, ಅದರ ಸದ್ದಿಗೆ ಮತ್ತೆ ಈ ಬೆಲ್ ಹೊಡೆದುಕೊಂಡರೆ ಹೇಗೋ ಹಾಗೆ. ಬಾಗಿಲಲ್ಲಿ ಯಾರೂ ಇಲ್ಲ. ಬೀದಿಯೆಲ್ಲ ಬೆಲ್. ಪೊರೆ ದಪ್ಪಗಾಗಿ ಮೂಳೆಯನ್ನೇ ಕೊರೆಯುತ್ತದೆ.

ಮೊದಲ ಔಷಧಿ ಮೆಥೊಟ್ರೆಕ್ಸೇಟ್. ವಾರಕ್ಕೆ ಒಂದೇ ದಿನ. ಈ ಒಂದು ಮಾತನ್ನು ಮೇಡಂ ನಾಲ್ಕು ಸಲ ಹೇಳಿದರು, ಚೀಟಿಯಲ್ಲಿ ಭಾನುವಾರ ಅಂತ ಕನ್ನಡದಲ್ಲಿ ಬರೆದರು, ಹೆಂಡತಿಯನ್ನು ಒಳಗೆ ಕರೆದು ಅವಳ ಬಾಯಲ್ಲೂ ಹೇಳಿಸಿದರು. ಯಾಕೆಂದರೆ ಇದನ್ನು ದಿನಾ ನುಂಗಿದರೆ ರಕ್ತ ಹುಟ್ಟುವ ಜಾಗವೇ ಕೈಕೊಡುತ್ತದೆ, ಜೀವಕ್ಕೇ ಅಪಾಯ. ಬೇರೆ ದಿನಗಳಲ್ಲಿ ಫೋಲಿಕ್ ಆ್ಯಸಿಡ್ ಮಾತ್ರೆ. ಜೊತೆಗೆ ಹೈಡ್ರಾಕ್ಸಿಕ್ಲೋರೋಕ್ವಿನ್, ಸ್ವಲ್ಪ ದಿನಕ್ಕೆ ಅಂತ ಕಡಿಮೆ ಡೋಸಿನ ಸ್ಟೀರಾಯ್ಡ್. ಸೋಮವಾರ ಬೆಳಿಗ್ಗೆ ಬಾಯಿ ಕಹಿ, ಹೊಟ್ಟೆ ತೊಳಸು. ಬೆಣ್ಣೆ ದೋಸೆ ವಾಸನೆ ಬಂದರೆ ರಸ್ತೆ ಆ ಕಡೆ ದಾಟಿಬಿಡುತ್ತಿದ್ದೆ. ದಾವಣಗೆರೆಯವನಿಗೆ ಇದಕ್ಕಿಂತ ಕೆಟ್ಟ ಶಿಕ್ಷೆ ಬೇಕಾ?

ಡೋಸ್ ಏರಿಸುತ್ತಾ ಏರಿಸುತ್ತಾ ವಾರಕ್ಕೆ 20 ಮಿಲಿಗ್ರಾಂ ಮುಟ್ಟಿದೆವು. ಐದು ತಿಂಗಳಾಯಿತು. ಅರ್ಧ ಗುಣ. ಬಿಗಿ ಎರಡು ತಾಸಿಂದ ಒಂದು ತಾಸಿಗೆ ಇಳಿಯಿತು, ಸಿಆರ್‌ಪಿ 46ರಿಂದ 22ಕ್ಕೆ. ನಾನು ಇಷ್ಟಾದರೆ ಸಾಕು ಅಂದೆ. "ನಿಮಗೆ ಸಾಕಿರಬಹುದು, ಮೂಳೆಗೆ ಸಾಕಾಗಲ್ಲ. ಉರಿ ಅರ್ಧ ಆರಿದ್ರೂ ಸುಡೋದು ಸುಡುತ್ತೆ" ಅಂದರು ಮೇಡಂ. ಬಹಳ ಜನಕ್ಕೆ ಮೆಥೊಟ್ರೆಕ್ಸೇಟ್ ಒಂದೇ ಸಾಕಾಗುತ್ತದೆ. ನನಗೆ ಆಗಲಿಲ್ಲ.

ಮುಂದಿನ ಹೆಜ್ಜೆಗೆ ಎರಡು ದಾರಿ ಇಟ್ಟರು, ಸೂಜಿ ಅಥವಾ ಮಾತ್ರೆ.

ಸೂಜಿ ಅಂದರೆ ಬಯಾಲಜಿಕ್. ಕೋಶದ ಹೊರಗೇ ಸಂದೇಶವನ್ನು ಹಿಡಿದು ನಿಲ್ಲಿಸುವ ಔಷಧಿ. ಟಿಎನ್‌ಎಫ್ ಒಂದನ್ನೇ ತಡೆದರೂ ಇಡೀ ಗಲಾಟೆ ಇಳಿಯುತ್ತದೆ ಅಂತ ತೋರಿಸಿದ್ದು ಲಂಡನ್ನಿನಲ್ಲಿ ಮಾರ್ಕ್ ಫೆಲ್ಡ್‌ಮನ್ ಮತ್ತು ರವೀಂದರ್ ಮೈನಿ ಅನ್ನುವವರು. 1992ರಲ್ಲಿ ಮೊದಲ ಸಲ ಸಂಧಿವಾತದ ರೋಗಿಗಳಿಗೆ ಟಿಎನ್‌ಎಫ್ ತಡೆಯುವ ಔಷಧಿ ಕೊಟ್ಟು ನೋಡಿದರು. 2003ರಲ್ಲಿ ಇಬ್ಬರಿಗೂ ವೈದ್ಯಕೀಯದ ದೊಡ್ಡ ಪ್ರಶಸ್ತಿಯಾದ ಲಾಸ್ಕರ್ ಬಂತು. ಮೈನಿ ಹುಟ್ಟಿದ್ದು ನಮ್ಮ ದೇಶದಲ್ಲೇ. ಇದನ್ನೆಲ್ಲ ಆಮೇಲೆ ರಾತ್ರಿ ಫೋನ್ ಹಿಡಿದು ಓದಿದ್ದು, ನಿದ್ದೆ ಬರದ ಕೈನೋವಿಗೆ ಬೇರೆ ಏನು ಕೆಲಸ? ಅಡಲಿಮುಮ್ಯಾಬ್ ಅನ್ನುವ ಸೂಜಿಯನ್ನು 2014ರಿಂದ ನಮ್ಮ ದೇಶದ ಕಂಪನಿಗಳೇ ಮಾಡುತ್ತಿವೆ. ಹಾಗಿದ್ದರೂ ಎರಡು ವಾರಕ್ಕೊಂದು ಸೂಜಿ ಅಂದರೆ ನನ್ನ ದುಡಿಮೆಗೆ ಭಾರ. ಮೇಲಾಗಿ ಅದನ್ನು 2ರಿಂದ 8 ಡಿಗ್ರಿಯಲ್ಲಿ ಫ್ರಿಜ್ಜಿನಲ್ಲಿ ಇಡಬೇಕು. ಊರಿಗೆಲ್ಲ ಇನ್ವರ್ಟರ್ ಹಾಕುವ ನನ್ನ ಮನೆಯಲ್ಲೇ ಇನ್ವರ್ಟರ್ ಇರಲಿಲ್ಲ.

ಮಾತ್ರೆ ಅಂದರೆ ಟೋಫಾಸಿಟಿನಿಬ್. 5 ಮಿಲಿಗ್ರಾಂ, ಬೆಳಿಗ್ಗೆ ಒಂದು, ರಾತ್ರಿ ಒಂದು. ಅಮೆರಿಕದಲ್ಲಿ 2012ರಲ್ಲಿ ಒಪ್ಪಿಗೆ ಸಿಕ್ಕಿದ್ದು. ಈಗ ನಮ್ಮಲ್ಲಿ ಹಲವು ಕಂಪನಿಗಳ ಜೆನರಿಕ್ ಸಿಗುತ್ತದೆ, ನನಗೆ ತಿಂಗಳಿಗೆ ಸಾವಿರದ ಐನೂರರ ಆಸುಪಾಸು ಬೀಳುತ್ತಿದೆ.

ನಾನು ಮಾತ್ರೆ ಅಂತ ಹೇಳುವ ಮೊದಲೇ ಮೇಡಂ ಕೇಳಿದರು.

"ಸಿಗರೇಟು ಸೇದ್ತೀರಾ?"

"ದಿನಕ್ಕೆ ಆರೇಳು ಮೇಡಂ."

"ಎಷ್ಟು ವರ್ಷದಿಂದ?"

"ಇಪ್ಪತ್ತಾಯ್ತು."

ಪೆನ್ನು ಕೆಳಗಿಟ್ಟರು.

ವಿಷಯ ಏನೆಂದರೆ, ಐವತ್ತು ದಾಟಿದ, ಹೃದಯದ ಕಾಯಿಲೆಗೆ ಕಾರಣವಾಗುವ ಒಂದಾದರೂ ತೊಂದರೆ ಇರುವ ರೋಗಿಗಳ ಮೇಲೆ ದೊಡ್ಡ ಅಧ್ಯಯನ ಮಾಡಿದ್ದರು. ಟಿಎನ್‌ಎಫ್ ಸೂಜಿ ತಗೊಂಡವರಿಗಿಂತ ಈ ಮಾತ್ರೆ ತಗೊಂಡವರಲ್ಲಿ ಹಾರ್ಟ್ ಅಟ್ಯಾಕ್, ರಕ್ತ ಹೆಪ್ಪುಗಟ್ಟುವುದು, ಕ್ಯಾನ್ಸರ್ ಇವು ಸ್ವಲ್ಪ ಜಾಸ್ತಿ ಕಂಡವು. 2021ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದರ ಮೇಲೆ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿತು. ಯುರೋಪಿನವರು 65 ದಾಟಿದವರಿಗೆ, ಬಹಳ ಕಾಲ ಸಿಗರೇಟು ಸೇದಿದವರಿಗೆ ಬೇರೆ ದಾರಿ ಇಲ್ಲದಿದ್ದರೆ ಮಾತ್ರ ಕೊಡಿ ಅನ್ನುತ್ತಾರೆ. ಮೇಡಂ ಇದನ್ನು ಮುಚ್ಚಿಡಲಿಲ್ಲ. "ದುಡ್ಡಿನ ಮಾತಿಲ್ಲದಿದ್ರೆ ನಿಮಗೆ ನಾನು ಸೂಜಿಯನ್ನೇ ಹೇಳ್ತಿದ್ದೆ" ಅಂದರು. ನನ್ನ ವಯಸ್ಸು ಆಗ 44, ಬಿಪಿ ಇಲ್ಲ, ಶುಗರ್ ಇಲ್ಲ, ಕೊಲೆಸ್ಟರಾಲ್ ಸರಿ ಇದೆ. ಇದ್ದ ಒಂದೇ ಕಳಂಕ ಸಿಗರೇಟು. ಮೇಲಾಗಿ ಈ ಸಂಧಿವಾತ ಬರಲಿಕ್ಕೂ ಸಿಗರೇಟು ಒಂದು ಕಾರಣ ಅಂತೆ, ಆ್ಯಂಟಿ-ಸಿಸಿಪಿ ಪಾಸಿಟಿವ್ ಇರುವವರಲ್ಲಿ ಅದರ ಕೈವಾಡ ಜಾಸ್ತಿ. "ಅದು ಬಿಟ್ಟು ಬನ್ನಿ, ಆಮೇಲೆ ಚೀಟಿ ಬರೀತೀನಿ."

ಬಿಟ್ಟೆ. ನಡುವೆ ಒಂದು ಸಲ ಹರಿಹರದಲ್ಲಿ ಕೆಲಸಕ್ಕೆ ಹೋದಾಗ ಕದ್ದು ಸೇದಿದೆ, ಅದನ್ನೂ ಮೇಡಂ ಮುಂದೆ ಒಪ್ಪಿಕೊಂಡೆ. ಆಮೇಲೆ ಇಲ್ಲ.

ಚೀಟಿ ಬರೆಯುವ ಮೊದಲು ಪರೀಕ್ಷೆಗಳ ಸಾಲು. ಹೆಪಟೈಟಿಸ್ ಬಿ, ಸಿ, ಎಚ್‌ಐವಿ, ಲಿವರ್, ಕಿಡ್ನಿ, ರಕ್ತದ ಕಣಗಳ ಲೆಕ್ಕ, ಕೊಲೆಸ್ಟರಾಲ್, ಎದೆಯ ಎಕ್ಸ್‌ರೇ, ಟಿಬಿ. ಎಚ್‌ಐವಿ ಅಂದಾಗ ಹೆಂಡತಿ ಮುಖ ನೋಡಬೇಕಿತ್ತು. ಮೇಡಂ ನಕ್ಕು, "ಎಲ್ಲರಿಗೂ ಮಾಡಿಸ್ತೀವಮ್ಮ" ಅಂದರು. ಎಲ್ಲ ಸರಿ ಇತ್ತು, ಟಿಬಿ ಒಂದು ಬಿಟ್ಟು. ಎದೆ ಎಕ್ಸ್‌ರೇ ಚೊಕ್ಕ, ಕೆಮ್ಮಿಲ್ಲ, ಜ್ವರ ಇಲ್ಲ, ಆದರೂ ರಕ್ತದ ಪರೀಕ್ಷೆ ಪಾಸಿಟಿವ್.

ಆ ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ನನ್ನ ಲೋಟ ಬೇರೆ ಇಡಲು ಹೆಂಡತಿಯ ಅಕ್ಕ ಫೋನಿನಲ್ಲೇ ಸಲಹೆ ಕೊಟ್ಟಳು. ಹಾಗೇನೂ ಬೇಕಿರಲಿಲ್ಲ. ಇದು ಮಲಗಿರುವ ಟಿಬಿ. ಕ್ರಿಮಿ ಎಂದೋ ಒಳಗೆ ಬಂದಿದೆ, ದೇಹ ಅದರ ಸುತ್ತ ಗೋಡೆ ಕಟ್ಟಿ ಕೂಡಿಹಾಕಿದೆ. ಬೇರೆಯವರಿಗೆ ಹರಡುವುದಿಲ್ಲ. ನಮ್ಮ ದೇಶದಲ್ಲಿ ಹೀಗೆ ಇರುವವರು ಕೋಟಿಗಟ್ಟಲೆ ಜನ. ಆದರೆ ಆ ಗೋಡೆ ಬೀಳದ ಹಾಗೆ ಕಾಯುವ ಕೋಶಗಳೂ ಅವೇ ಸೈಟೊಕೈನ್ ಸಂದೇಶದ ಮೇಲೇ ನಿಂತಿವೆ. ಸಂದೇಶ ನಿಂತರೆ ಗೋಡೆ ಬೀಳಬಹುದು. ಹಾಗಾಗಿ ಮೊದಲು ಐಸೋನಿಯಾಜಿಡ್ 300 ಮಿಲಿಗ್ರಾಂ, ನರಗಳಿಗೆ ತೊಂದರೆ ಆಗದಿರಲಿ ಅಂತ ಜೊತೆಗೆ ಬಿ6. ಒಟ್ಟು ಆರು ತಿಂಗಳು. ಒಂದು ತಿಂಗಳಾದ ಮೇಲೆ ಟೋಫಾ ಶುರು ಮಾಡಬಹುದು.

ಈ ಒಂದು ತಿಂಗಳು ಹಿಂದಿನ ಹದಿನಾಲ್ಕಕ್ಕಿಂತ ಉದ್ದ ಇತ್ತು. ಔಷಧಿ ಯಾವುದು ಅಂತ ಗೊತ್ತಿದೆ, ಅಂಗಡಿಯಲ್ಲಿ ಸಿಗುತ್ತದೆ, ತಿನ್ನುವ ಹಾಗಿಲ್ಲ. ಸ್ಟೀರಾಯ್ಡ್ ಬೇರೆ ಇಳಿಸುತ್ತಿದ್ದರು. ಒಬ್ಬ ಗೆಳೆಯ "ಯಾರು ನೋಡ್ತಾರ, ಇವತ್ತಿಂದಲೇ ತಗಾ" ಅಂದ. ತಗೊಂಡಿದ್ದರೆ? ಮೆಥೊಟ್ರೆಕ್ಸೇಟ್, ಐಸೋನಿಯಾಜಿಡ್ ಎರಡೂ ಲಿವರಿನ ಮೇಲೆ ಭಾರ ಹಾಕುವಂಥವು, ಹದಿನೈದು ದಿನಕ್ಕೊಮ್ಮೆ ರಕ್ತ ಕೊಡುತ್ತಿದ್ದೆ. ಕುಡಿಯುವ ಚಟ ನನಗಿರಲಿಲ್ಲ, ಅದೊಂದು ಪುಣ್ಯ. ಅರ್ಥ್ ಚೆಕ್ ಮಾಡದೆ ಮೇನ್ ಆನ್ ಮಾಡಬಾರದು ಅಂತ ಹುಡುಗರಿಗೆ ದಿನಾ ಬೈಯುವವನು ನಾನೇ ತಾನೇ. ಕಾದೆ.

ಮಾತ್ರೆ ಶುರುವಾಯಿತು. ಇದು ಕೆಲಸ ಮಾಡುವ ರೀತಿ ನನಗೆ ತುಂಬಾ ಹಿಡಿಸಿತು, ಸ್ವಲ್ಪ ಹೇಳಿಬಿಡುತ್ತೇನೆ. ಸೈಟೊಕೈನ್ ಬಂದು ಕೋಶದ ಮೈಮೇಲಿನ ರಿಸೆಪ್ಟರ್ ಅನ್ನುವ ಸಾಕೆಟ್ಟಿಗೆ ಕೂರುತ್ತದೆ. ಸಾಕೆಟ್ಟಿನ ಒಳಮಗ್ಗುಲಿಗೆ ಜಾಕ್ ಅನ್ನುವ ಕಿಣ್ವಗಳು ಜೋಡಿ ಜೋಡಿಯಾಗಿ ಅಂಟಿಕೊಂಡಿವೆ. ಜಾಕ್ 1, ಜಾಕ್ 2, ಜಾಕ್ 3, ಟೈಕ್ 2 ಅಂತ ನಾಲ್ಕು ಬಗೆ. ಹೊರಗೆ ಸಂದೇಶ ಕೂತ ಕೂಡಲೇ ಒಳಗಿನ ಜಾಕ್ ಎಚ್ಚರಾಗಿ ಫಾಸ್ಫೇಟ್ ಅಂಟಿಸಲು ಶುರು ಮಾಡುತ್ತದೆ. ಅದು ಅಂಟಿದ ಸ್ಟ್ಯಾಟ್ ಅನ್ನುವ ಪ್ರೋಟೀನು ಎರಡೆರಡಾಗಿ ಸೇರಿ ಕೋಶದ ನಡುವಿನ ನ್ಯೂಕ್ಲಿಯಸ್ಸಿಗೆ ಹೋಗಿ ಜೀನುಗಳನ್ನು ಆನ್ ಮಾಡುತ್ತದೆ. ಇನ್ನಷ್ಟು ಸಂದೇಶ ತಯಾರಾಗುತ್ತದೆ. ಟೋಫಾಸಿಟಿನಿಬ್ ಏನು ಮಾಡುತ್ತದೆ ಅಂದರೆ, ಜಾಕ್‌ಗೆ ಶಕ್ತಿ ಕೊಡುವ ಎಟಿಪಿ ಕೂರಬೇಕಾದ ಜಾಗದಲ್ಲಿ ತಾನು ಹೋಗಿ ಕೂರುತ್ತದೆ. ಹೊರಗೆ ಬೆಲ್ ಒತ್ತುತ್ತಲೇ ಇರುತ್ತಾರೆ, ಒಳಗೆ ಸದ್ದಾಗುವುದಿಲ್ಲ.

ಸೂಜಿ ಮದ್ದು ರಸ್ತೆಯ ಕಂಬದಲ್ಲಿ ಒಂದೇ ಲೈನ್ ಕಿತ್ತ ಹಾಗೆ. ಈ ಮಾತ್ರೆ ಮನೆಯೊಳಗಿನ ಜಂಕ್ಷನ್ ಬಾಕ್ಸಿನಲ್ಲಿ ಹಲವು ವೈರ್ ಬಿಡಿಸಿದ ಹಾಗೆ. ಐಎಲ್-6, ಇಂಟರ್‌ಫೆರಾನ್, ಇನ್ನೂ ಹಲವು ಸಂದೇಶಗಳು ಈ ಬಾಕ್ಸಿನ ಮೂಲಕವೇ ಹೋಗುತ್ತವೆ. ಟಿಎನ್‌ಎಫ್ ಮಾತ್ರ ನೇರವಾಗಿ ಈ ದಾರಿಯಲ್ಲಿ ಹೋಗುವುದಿಲ್ಲ, ಅದಕ್ಕೆ ಬೇರೆ ಪೈಪು. ಆದರೆ ಉಳಿದ ಬೆಲ್‌ಗಳು ನಿಂತರೆ ಅದರ ಆರ್ಭಟವೂ ತಗ್ಗುತ್ತದೆ. ಇನ್ನು ಹಲವು ವೈರ್ ಬಿಡಿಸಿದರೆ ಬೇಕಾದ ವೈರೂ ಒಂದೆರಡು ಹೋಗುತ್ತದೆ. ಹೊಸ ರಕ್ತ ಮಾಡು ಅನ್ನುವ ಸಂದೇಶವೂ ಜಾಕ್ 2ರ ಮೂಲಕವೇ ಹೋಗುವುದರಿಂದ ಹಿಮೋಗ್ಲೋಬಿನ್ ಇಳಿಯಬಹುದು, ಅದಕ್ಕೇ ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಜಾಕ್ ಅಂದರೆ ಜೇನಸ್ ಕೈನೇಸ್. ಜೇನಸ್ ರೋಮನ್ನರ ಬಾಗಿಲ ದೇವರು, ಮುಂದೊಂದು ಮುಖ ಹಿಂದೊಂದು ಮುಖ. ಹೆಸರಿಟ್ಟವರು ಬುದ್ಧಿವಂತರು.

ಒಂಬತ್ತನೇ ದಿನ ಬೆಳಿಗ್ಗೆ ಹಲ್ಲುಜ್ಜುವಾಗ ಪೇಸ್ಟಿನ ಮುಚ್ಚಳ ತೆಗೆದೆ. ತೆಗೆದ ಮೇಲೆ ಗೊತ್ತಾಯಿತು, ತೆಗೆದೆ ಅಂತ. ಮತ್ತೆ ಹಾಕಿದೆ, ಮತ್ತೆ ತೆಗೆದೆ. ಯಾರಿಗೂ ಹೇಳಲಿಲ್ಲ, ಪುಡಿಯ ಹತ್ತು ದಿನ ನೆನಪಿತ್ತು. ಮೂರು ವಾರಕ್ಕೆ ಬಿಗಿ ಹದಿನೈದು ನಿಮಿಷಕ್ಕೆ ಬಂತು. ಒಂದು ಮಧ್ಯಾಹ್ನ ಅವ್ವ ರೊಟ್ಟಿ ಮುರಿಯಲು ಕೈ ಹಾಕಿದಾಗ ತಟ್ಟೆ ಎಳೆದುಕೊಂಡು ನಾನೇ ಮುರಿದೆ. ಟಕ್ ಅಂತ ಸದ್ದು ಬಂತು. ಅವ್ವ ಏನೂ ಅನ್ನಲಿಲ್ಲ, ಎದ್ದು ಒಳಗೆ ಹೋಗಿ ಇನ್ನೆರಡು ರೊಟ್ಟಿ ತಂದು ಹಾಕಿದಳು. ಮೂರು ತಿಂಗಳಿಗೆ ಸಿಆರ್‌ಪಿ 4. ಸ್ಟೀರಾಯ್ಡ್ ಪೂರ್ತಿ ನಿಂತಿತು. ಕೊಲೆಸ್ಟರಾಲ್ ಸ್ವಲ್ಪ ಏರಿತು, ಅದೂ ಈ ಮಾತ್ರೆಯ ಗುಣವೇ, ಅದಕ್ಕೊಂದು ಮಾತ್ರೆ ಸೇರಿತು. ಬೈಕ್ ಹೊರಗೆ ತೆಗೆದೆ.

ಏಳನೇ ತಿಂಗಳು ಬಲಗಡೆ ಪಕ್ಕೆ ಉರಿಯತೊಡಗಿತು. ಬನಿಯನ್ ತಾಗಿದರೂ ಚುರ್ ಅನ್ನುತ್ತಿತ್ತು. ಏಣಿ ತಾಗಿರಬೇಕು ಅಂದುಕೊಂಡೆ. ಎರಡನೇ ದಿನ ಕೆಂಪು ಗುಳ್ಳೆಗಳ ಸಾಲು, ಬೆನ್ನಿಂದ ಹೊಟ್ಟೆ ಕಡೆಗೆ. ಅವ್ವ ನೋಡಿದವಳೇ "ಸರ್ಪಸುತ್ತು!" ಅಂತ ಬಾಯಿ ಮೇಲೆ ಕೈ ಇಟ್ಟುಕೊಂಡಳು. ನಮ್ಮ ಕಡೆ ಇದಕ್ಕೆ ಕೆಮ್ಮಣ್ಣು ಕಲಸಿ, ಮಂತ್ರ ಹಾಕಿ ಸುತ್ತ ಬರೆಯುತ್ತಾರೆ. ಸರ್ಪದ ತಲೆ ಬಾಲ ಕೂಡಿದರೆ ಜೀವ ಹೋಗುತ್ತದೆ ಅನ್ನುವ ಮಾತು ಬೇರೆ. ಬರೆಯುವವರನ್ನು ಕರೆಸಲು ಅವ್ವ ಆಗಲೇ ಫೋನ್ ಹಿಡಿದಿದ್ದಳು.

ನಾನು ಫೋಟೋ ತೆಗೆದು ಮೇಡಂಗೆ ಕಳಿಸಿದೆ. ಹತ್ತು ನಿಮಿಷಕ್ಕೆ ಫೋನ್ ಬಂತು. ಟೋಫಾ ಇವತ್ತೇ ನಿಲ್ಲಿಸಿ, ಇವತ್ತೇ ಬನ್ನಿ. ಗುಳ್ಳೆ ಎದ್ದ ಮೂರು ದಿನದೊಳಗೆ ವೈರಸ್ ಮಾತ್ರೆ ಶುರುವಾದರೆ ಒಳ್ಳೆಯದು.

ಚಿಕ್ಕಂದಿನಲ್ಲಿ ನನಗೆ ಅಮ್ಮ ಬಂದಿತ್ತು, ಅದೇ ಚಿಕನ್‌ಪಾಕ್ಸ್. ಆ ವೈರಸ್ ಅಂದಿನಿಂದ ನರದ ಬುಡದಲ್ಲಿ ಮಲಗಿರುತ್ತದೆ. ಅದನ್ನು ಕಾಯುವ ವಾಚ್‌ಮನ್‌ಗಳ ಕೂಗು ಕೂಡ ಇಂಟರ್‌ಫೆರಾನ್, ಅದೂ ಅದೇ ಜಂಕ್ಷನ್ ಬಾಕ್ಸಿನಿಂದ ಹೋಗುವ ಲೈನು. ಲೈನ್ ಸತ್ತಿತ್ತು, ವೈರಸ್ ಎದ್ದಿತು. ಜಾಕ್ ಮಾತ್ರೆ ತಗೊಳ್ಳುವವರಲ್ಲಿ ಸರ್ಪಸುತ್ತು ಜಾಸ್ತಿ ಅನ್ನುವುದನ್ನು ಮೇಡಂ ಮೊದಲೇ ಹೇಳಿದ್ದರು, ಹಾರ್ಟ್ ಅಟ್ಯಾಕಿನ ಭಯದಲ್ಲಿ ನಾನೇ ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ. ಇನ್ನು ತಲೆ ಬಾಲ ಕೂಡುವ ಮಾತು: ಒಂದು ನರ ಮೈಯ ಅರ್ಧಭಾಗಕ್ಕೆ ಮಾತ್ರ ಹೋಗುತ್ತದೆ, ನಡುಗೆರೆ ಬಂದರೆ ನಿಲ್ಲುತ್ತದೆ. ಹಾಗಾಗಿ ಅದು ಸುತ್ತು ಹಾಕಿ ಕೂಡುವುದು ಬಲು ಅಪರೂಪ. ಅವ್ವನಿಗೆ ಇದನ್ನು ಹೇಳಿದೆ. "ನೋಡಿದ್ಯಾ, ಕೂಡಲಿಲ್ಲ, ಕೆಮ್ಮಣ್ಣು ಹಚ್ಚಿದ್ದಕ್ಕೆ" ಅಂದಳು. ಹೌದು, ಕೊನೆಗೆ ಗುಳ್ಳೆಗೆ ತಾಗದ ಹಾಗೆ ದೂರದಲ್ಲಿ ಒಂದು ಗೆರೆ ಬರೆಸಿಕೊಂಡಿದ್ದೆ. ಮನೆಯಲ್ಲಿ ಶಾಂತಿ ಬೇಕಲ್ವಾ.

ವಲಾಸೈಕ್ಲೋವಿರ್ ಏಳು ದಿನ. ಗುಳ್ಳೆ ಒಣಗಿತು. ಆದರೆ ಟೋಫಾ ನಿಲ್ಲಿಸಿದ ಹನ್ನೆರಡನೇ ದಿನ ಪೇಸ್ಟಿನ ಮುಚ್ಚಳ ಮತ್ತೆ ತಿರುಗಲಿಲ್ಲ. ಈ ಮಾತ್ರೆ ದೇಹದಲ್ಲಿ ಮೂರು ತಾಸಿಗೆ ಅರ್ಧ ಆಗುತ್ತದೆ, ಒಂದೆರಡು ದಿನಕ್ಕೆ ಪೂರ್ತಿ ಹೊರಗೆ. ವೈರ್ ಸುಟ್ಟುಹೋಗಿರಲಿಲ್ಲ, ಬಿಡಿಸಿಟ್ಟಿದ್ದು ಅಷ್ಟೇ. ವಾಪಸ್ ಕೂರಿಸಿದ ಕೂಡಲೇ ಬೆಲ್ ಶುರು. ಏಳು ತಿಂಗಳು ನಾನು ಒಳಗೊಳಗೇ ವಾಸಿಯಾಯಿತು ಅಂದುಕೊಂಡಿದ್ದೆ, ಯಾರಿಗೂ ಹೇಳದೆ ಮಾತ್ರೆ ಬಿಡುವ ಯೋಚನೆಯೂ ಇತ್ತು. ಆ ಹನ್ನೆರಡು ದಿನ ಅದನ್ನು ತಲೆಯಿಂದ ತೆಗೆಯಿತು. ಹಕ್ಕಳೆ ಎಲ್ಲ ಉದುರಿದ ಮೇಲೆ ಮತ್ತೆ ಶುರು ಮಾಡಿದರು, ಎರಡು ವಾರಕ್ಕೆ ಕೈ ಮತ್ತೆ ಬಂತು.

ಈಗ ಐದು ತಿಂಗಳಾಯಿತು. ಹೋದ ಸಲ 28ರಲ್ಲಿ ಒಂದೇ ಕೀಲು ನೋಯುತ್ತಿತ್ತು, ಊತ ಯಾವುದಕ್ಕೂ ಇಲ್ಲ. ಬಲಗೈ ನಡುಬೆರಳು ಪೂರ್ತಿ ಚಾಚುವುದಿಲ್ಲ, ಅದು ಹಾಗೆಯೇ. ಎರಡು ವೈರ್ ಸೇರಿಸಿ ಹೆಬ್ಬೆರಳಲ್ಲಿ ಹುರಿ ಮಾಡುವ ಕೆಲಸ ಮೊದಲಿನಷ್ಟು ಚೆನ್ನಾಗಿ ಬರುವುದಿಲ್ಲ, ಪ್ಲೈಯರ್ ಬಳಸುತ್ತೇನೆ. ಬ್ಯಾಟರಿ ಸ್ಕ್ರೂಡ್ರೈವರ್ ತಗೊಂಡಿದ್ದೇನೆ. ಗೋಡೆ ಕಟಿಂಗ್ ಹುಡುಗನಿಗೆ ಬಿಟ್ಟಿದ್ದೇನೆ, ಕೂಲಿ ಅಷ್ಟು ಜಾಸ್ತಿ ಕೊಡುತ್ತೇನೆ. ಮನೆಗೆ ಇನ್ವರ್ಟರ್ ಹಾಕಿದೆ, ಮುಂದೆ ಎಂದಾದರೂ ಸೂಜಿಗೆ ಹೋಗಬೇಕಾದರೆ ಫ್ರಿಜ್ ಬೇಕಲ್ಲ.

ಸರ್ಪಸುತ್ತು ಮತ್ತೆ ಬರದಿರಲಿ ಅಂತ ಒಂದು ಲಸಿಕೆ ಇದೆ, 2023ರಿಂದ ನಮ್ಮ ದೇಶದಲ್ಲೂ ಸಿಗುತ್ತದೆ. ಅದರಲ್ಲಿ ಜೀವಂತ ವೈರಸ್ ಇಲ್ಲ, ಹಾಗಾಗಿ ನನ್ನಂಥವರೂ ಹಾಕಿಸಿಕೊಳ್ಳಬಹುದು. ಎರಡು ಡೋಸ್. ಮೊದಲನೆಯದು ಹೋದ ತಿಂಗಳು ಆಯಿತು, ಎರಡನೆಯದು ಬಾಕಿ ಇದೆ. ಬಿಲ್ ನೋಡಿ ಅವ್ವ, "ಇದ್ರಾಗ ಒಂದ್ ಲಾರಿ ಕೆಮ್ಮಣ್ಣು ಬರ್ತಿತ್ತು" ಅಂದಳು.